ಧರ್ಮಸಂದೇಹ: ಮುಟ್ಟಿನ ಲೆಕ್ಕ ತಪ್ಪಿದಾಗ ಪೂಜೆ, ವ್ರತ, ತಿಥಿ ಹೇಗೆ?

ಪ್ರಶ್ನೆ: ನನಗೆ 47 ವರ್ಷ. ಬೆಂಗಳೂರಿನಲ್ಲಿ ಎರಡು ಕೋಣೆಯ ಫ್ಲ್ಯಾಟಿನಲ್ಲಿದ್ದೇವೆ. ಮದುವೆಯಾದಾಗಿನಿಂದ ಅತ್ತೆಯವರು ಹೇಳಿಕೊಟ್ಟಂತೆ ಮೂರು ದಿನ ಹೊರಗಿದ್ದು, ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು, ಐದನೆಯ ದಿನದಿಂದ ದೇವರ ಕೆಲಸ ಮಾಡುತ್ತಾ ಬಂದಿದ್ದೇನೆ. ಒಂದೂವರೆ ವರ್ಷದಿಂದ ಲೆಕ್ಕವೇ ಸಿಗುತ್ತಿಲ್ಲ. ಎರಡು ತಿಂಗಳು ಆಗುವುದೇ ಇಲ್ಲ, ಆಮೇಲೆ ಹದಿನೈದು ದಿನಕ್ಕೇ ಮತ್ತೆ ಆಗುತ್ತದೆ. ಒಮ್ಮೊಮ್ಮೆ ಹನ್ನೆರಡು ದಿನವಾದರೂ ಪೂರ್ತಿ ನಿಲ್ಲದೆ ಕಲೆ ಕಾಣುತ್ತಲೇ ಇರುತ್ತದೆ. ತುಂಬಾ ಸುಸ್ತು. ಹೀಗೆ ಬಿಟ್ಟು ಬಿಟ್ಟು ಆದಾಗ ಪ್ರತಿ ಸಲವೂ ಮೂರು ದಿನ ಹಿಡಿಯಬೇಕೆ? ನಿಲ್ಲದಿದ್ದರೆ ದೀಪ ಹಚ್ಚಬಹುದೆ? ಕಳೆದ ವರ್ಷ ವರಮಹಾಲಕ್ಷ್ಮಿ ತಪ್ಪಿತು, ಈ ಸಲ ಮಾತ್ರೆ ತೆಗೆದುಕೊಂಡಾದರೂ ಮಾಡಬೇಕೆಂದಿದ್ದೇನೆ. ಭಾದ್ರಪದ ಬಹುಳದಲ್ಲಿ ಮಾವನವರ ತಿಥಿ ಇದೆ, ಆ ದಿನ ಆಗಿಬಿಟ್ಟರೆ ಏನು ಗತಿ? ಪರಿಚಯದ ಜ್ಯೋತಿಷಿಯೊಬ್ಬರು ಇದು ಕುಜದೋಷ, ಶಾಂತಿ ಆಗಬೇಕು ಎಂದಿದ್ದಾರೆ. ನಿಲ್ಲುವ ಕಾಲ ಬಂದಿದ್ದರೆ ಋಷಿಪಂಚಮಿ ವ್ರತ ಈ ವರ್ಷವೇ ಹಿಡಿಯಬಹುದೆ? ದಯವಿಟ್ಟು ತಿಳಿಸಿ.
– ಓದುಗರೊಬ್ಬರು, ಬೆಂಗಳೂರು

ಉತ್ತರ: ತಾಯಿ, ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ನೀವು ಕೇಳಿದ ಎಲ್ಲದಕ್ಕೂ ಶಾಸ್ತ್ರದಲ್ಲಿ ಉತ್ತರ ಇದೆ, ಒಂದೊಂದಾಗಿ ಹೇಳುತ್ತೇನೆ. ಆದರೆ ಇಷ್ಟುದ್ದದ ಕಾಗದದಲ್ಲಿ ಜ್ಯೋತಿಷಿಗೆ ತೋರಿಸಿದ್ದು ಇದೆ, ಡಾಕ್ಟರಿಗೆ ತೋರಿಸಿದೆ ಎನ್ನುವ ಮಾತು ಎಲ್ಲೂ ಇಲ್ಲ. 'ತುಂಬಾ ಸುಸ್ತು' ಎಂದು ಎರಡೇ ಪದದಲ್ಲಿ ಬರೆದು ಮುಂದೆ ಹೋಗಿದ್ದೀರಿ. ನನ್ನ ಕಣ್ಣು ನಿಂತದ್ದು ಅಲ್ಲೇ.

ಯಾಕೆ ಅಂತ ಹೇಳುತ್ತೇನೆ. ನನಗೊಬ್ಬಳು ಅಕ್ಕ ಇದ್ದಳು. ಅವಳಿಗೆ ಮುಟ್ಟು ನಿಂತು ನಾಲ್ಕು ವರ್ಷ ಆಗಿತ್ತು. ವಯಸ್ಸು 56. ಒಂದು ದಿನ ಫೋನ್ ಮಾಡಿ, "ನಾಲ್ಕು ವರ್ಷದ ಮೇಲೆ ಮತ್ತೆ ಹೊರಗಾದೆನಲ್ಲೋ, ಇದಕ್ಕೇನೋ ಲೆಕ್ಕ?" ಅಂದಳು. ನಾನು ಪುಸ್ತಕ ತೆಗೆಯುವ ಅಗತ್ಯವೂ ಇರಲಿಲ್ಲ, ಬಾಯಿಗೆ ಬರುತ್ತಿತ್ತು. ಮೂರು ರಾತ್ರಿ ಹಿಡಿ, ಅಕಾಲದಲ್ಲಿ ಆಗಿದೆ, ಮನಸ್ಸಿಗೆ ಸಮಾಧಾನಕ್ಕೆ ಒಂದು ಶಾಂತಿ ಮಾಡಿಸಿಬಿಡೋಣ ಅಂದೆ. ಮಾರ್ಗಶಿರದಲ್ಲಿ ನಾನೇ ಕೂತು ಮಾಡಿಸಿದೆ. ಆಮೇಲೆ ಮೂರು ಸಲ ಹಾಗೇ ಆಯಿತಂತೆ. ಪ್ರತಿ ಸಲವೂ ಮೂರು ದಿನ ಮೂಲೆಯಲ್ಲಿ ಕೂತಿದ್ದಾಳೆ, ಯಾರಿಗೂ ಹೇಳಿಲ್ಲ. ಮನೆಯಲ್ಲಿ ಮಕ್ಕಳು "ಅಜ್ಜಿಗೆ ಮತ್ತೆ ಹರೆಯ ಬಂತು" ಎಂದು ನಕ್ಕಿದ್ದೂ ಉಂಟು. ಎಂಟು ತಿಂಗಳ ಮೇಲೆ ಮೊಮ್ಮಗಳು ಬಲವಂತವಾಗಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಗರ್ಭಕೋಶದ ಕ್ಯಾನ್ಸರು, ಆಗಲೇ ಬೇರೆ ಕಡೆಗೂ ಹರಡಿತ್ತು. ಡಾಕ್ಟರು, "ಮೊದಲ ಸಲ ರಕ್ತ ಕಂಡದ್ದು ಯಾವಾಗ?" ಎಂದು ಕೇಳಿದರು. ಅಕ್ಕನಿಗೆ ಸರಿಯಾಗಿ ನೆನಪಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ನನಗೆ ತಿಥಿ, ವಾರ, ನಕ್ಷತ್ರ ಸಮೇತ ಗೊತ್ತಿತ್ತು. ಶಾಂತಿಯ ಸಂಕಲ್ಪ ಹೇಳಿಸಿದವನು ನಾನೇ ತಾನೇ. ಅವಳು ಇನ್ನು ಒಂದೂವರೆ ವರ್ಷ ಇದ್ದಳು.

ಅಂದಿನಿಂದ ಈ ವಿಷಯ ಯಾರು ಕೇಳಿದರೂ ದಿನದ ಎಣಿಕೆ ಹೇಳುವ ಮೊದಲು ಡಾಕ್ಟರಿಗೆ ತೋರಿಸಿದಿರಾ ಎಂದು ಕೇಳುತ್ತೇನೆ. ನಿಮಗೂ ಅದೇ ಮಾತು. ನಿಮ್ಮದು ಅಕ್ಕನ ಪರಿಸ್ಥಿತಿ ಅಲ್ಲ, ಗಾಬರಿ ಬೀಳಬೇಡಿ. 47ಕ್ಕೆ ಮುಟ್ಟು ಹಿಂದೆ ಮುಂದೆ ಆಗುವುದು ಬಹಳಷ್ಟು ಹೆಂಗಸರಿಗೆ ಇದ್ದದ್ದೇ. ಆದರೂ ಅದು ಆ ಕಾಲದ್ದೇ ಅಂತ ತೀರ್ಮಾನ ಮಾಡಬೇಕಾದವರು ನಾನೂ ಅಲ್ಲ, ನೀವೂ ಅಲ್ಲ, ಆ ಜ್ಯೋತಿಷಿಗಳೂ ಅಲ್ಲ.

ದೇಹದಲ್ಲಿ ನಡೆಯುವುದನ್ನು ನಮ್ಮ ಪ್ರಾಚೀನರು ಬಲ್ಲವರೇ. ಹನ್ನೆರಡನೆಯ ವರ್ಷದಿಂದ ಆರಂಭವಾಗಿ, ಮುಪ್ಪಿನಿಂದ ಪಕ್ವವಾದ ಶರೀರದಲ್ಲಿ ಐವತ್ತರ ಹೊತ್ತಿಗೆ ರಜಸ್ಸು ಕ್ಷಯವಾಗುತ್ತದೆ ಎಂದು ಸುಶ್ರುತರು ಹೇಳಿದ್ದಾರೆ. ಈಗಿನ ವೈದ್ಯರು ನಮ್ಮ ದೇಶದ ಹೆಂಗಸರಲ್ಲಿ ಸಾಮಾನ್ಯವಾಗಿ 46, 47ರ ಆಸುಪಾಸಿನಲ್ಲಿ ನಿಲ್ಲುತ್ತದೆ ಎನ್ನುತ್ತಾರೆ. ಅದು ದೀಪ ಆರಿಸಿದ ಹಾಗೆ ಒಂದೇ ದಿನದಲ್ಲಿ ನಿಲ್ಲುವುದಿಲ್ಲ. ಎಣ್ಣೆ ಮುಗಿಯುತ್ತಾ ಬಂದ ದೀಪ ಒಮ್ಮೆ ಸಣ್ಣದಾಗಿ, ಒಮ್ಮೆ ಭಗ್ಗೆಂದು ಉರಿಯುತ್ತದಲ್ಲ, ಹಾಗೆ. ಅಂಡ ಪ್ರತಿ ತಿಂಗಳೂ ಬಿಡುಗಡೆಯಾಗುವುದಿಲ್ಲ, ಹಾರ್ಮೋನುಗಳ ತೂಕ ತಪ್ಪುತ್ತದೆ, ಗರ್ಭಕೋಶದ ಒಳಪದರ ಕೆಲವು ಸಲ ಹೆಚ್ಚು ದಪ್ಪವಾಗಿ ಬೆಳೆದು ಅಕಾಲದಲ್ಲಿ ಕಳಚಿ ಬೀಳುತ್ತದೆ. ಅದಕ್ಕೇ ಎರಡು ತಿಂಗಳು ಇಲ್ಲ, ಆಮೇಲೆ ಒಮ್ಮೆಲೇ ವಿಪರೀತ. ಈ ಸ್ಥಿತಿ ಕೆಲವರಿಗೆ ಕೆಲವು ತಿಂಗಳು, ಕೆಲವರಿಗೆ ನಾಲ್ಕೈದು ವರ್ಷ ಇರುವುದುಂಟು. ಪೂರ್ತಿ 12 ತಿಂಗಳು ಏನೂ ಕಾಣದಿದ್ದರೆ ಮಾತ್ರ ನಿಂತಿತು ಎಂದು ಲೆಕ್ಕ. ಅಲ್ಲಿಯವರೆಗೆ ನಿಂತಿದೆ ಅಂತ ತಿಳಿಯಬೇಡಿ. ಹೇಳಲು ಸಂಕೋಚ, ಆದರೂ ಹೇಳಬೇಕು: ಎರಡು ತಿಂಗಳು ನಿಂತಾಗ ಅದು ಗರ್ಭವೂ ಆಗಿರಬಹುದು. ಈ ವಯಸ್ಸಿನಲ್ಲಿ ಅಪರೂಪ, ಅಸಾಧ್ಯವಲ್ಲ.

ಆದರೆ ಇದೇ ವಯಸ್ಸಿನಲ್ಲಿ ಇದೇ ರೀತಿ ರಕ್ತ ಹೋಗುವುದಕ್ಕೆ ಬೇರೆ ಕಾರಣಗಳೂ ಇವೆ. ಗರ್ಭಕೋಶದಲ್ಲಿ ಗಡ್ಡೆ, ಥೈರಾಯ್ಡ್, ಒಳಪದರದ ಕೆಟ್ಟ ಬೆಳವಣಿಗೆ. ಆಯುರ್ವೇದದಲ್ಲಿ ಅತಿಯಾಗಿ, ಅಕಾಲದಲ್ಲಿ ಹೋಗುವ ಇದಕ್ಕೆ ಅಸೃಗ್ದರ ಅಥವಾ ಪ್ರದರ ಎಂದು ಹೆಸರಿಟ್ಟು ರೋಗಗಳ ಸಾಲಿನಲ್ಲೇ ಇಟ್ಟು ಚಿಕಿತ್ಸೆ ಹೇಳಿದ್ದಾರೆ. ಹೊರಗಿನಿಂದ ನೋಡಿ ಯಾವುದು ಕಾಲದ್ದು, ಯಾವುದು ರೋಗದ್ದು ಎಂದು ಹೇಳಲಾಗದು. ಏಳು ದಿನ ಮೀರಿದರೆ, 21 ದಿನದ ಒಳಗೇ ಮತ್ತೆ ಬಂದರೆ, ಗಂಟೆಗೊಂದು ಪ್ಯಾಡ್ ತೊಯ್ಯುವಷ್ಟು ಹೋದರೆ, ದೊಡ್ಡ ಗಟ್ಟಿಗಳು ಬಿದ್ದರೆ, ಎರಡು ಮುಟ್ಟಿನ ನಡುವೆಯೋ ದಾಂಪತ್ಯದ ನಂತರವೋ ರಕ್ತ ಕಂಡರೆ ತೋರಿಸಲೇಬೇಕು. ಇವುಗಳಲ್ಲಿ ಎರಡು ನಿಮ್ಮ ಕಾಗದದಲ್ಲೇ ಇವೆ. ರಕ್ತಪರೀಕ್ಷೆ, ಥೈರಾಯ್ಡ್, ಹೊಟ್ಟೆಯ ಸ್ಕ್ಯಾನ್ ಮಾಡಿಸುತ್ತಾರೆ. 45 ದಾಟಿದವರಿಗೆ ಗರ್ಭಕೋಶದ ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸುವುದೂ ಉಂಟು, ಅದನ್ನು ಕೇಳಿ ಹೆದರಿ ವಾಪಸ್ ಬರಬೇಡಿ. ಸುಸ್ತು ಎಂದಿರಲ್ಲ, ಹಿಮೋಗ್ಲೋಬಿನ್ ಎಷ್ಟಿದೆ ನೋಡಿಸಿ. ಹೆಂಗಸರಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಎನ್ನುತ್ತಾರೆ. ಏಳು, ಎಂಟು ಇಟ್ಟುಕೊಂಡು ನಾಲ್ಕು ಗಂಟೆಗೆ ಎದ್ದು ಮಡಿಯಲ್ಲಿ ಇಪ್ಪತ್ತು ಜನಕ್ಕೆ ತಿಥಿ ಅಡುಗೆ ಮಾಡಿ ಮುಗಿಸಿ ಕುಸಿದು ಬಿದ್ದವರನ್ನು ಪೌರೋಹಿತ್ಯಕ್ಕೆ ಹೋದ ಮನೆಗಳಲ್ಲೇ ಕಂಡಿದ್ದೇನೆ. ಇನ್ನೊಂದು ಮಾತು. ಗರ್ಭಕೋಶವನ್ನೇ ತೆಗೆದುಬಿಡೋಣ ಎಂದು ಯಾರಾದರೂ ಮೊದಲ ದಿನವೇ ಹೇಳಿದರೆ ಇನ್ನೊಬ್ಬ ಡಾಕ್ಟರನ್ನೂ ಕೇಳಿ. ಮಾತ್ರೆಯಲ್ಲಿ ಸರಿಹೋಗುವಂಥದ್ದು ಎಷ್ಟೋ ಇರುತ್ತದೆ. ತೆಗೆಯಲೇಬೇಕಾಗಿ ಬಂದರೆ ತೆಗೆಸಿಕೊಂಡವರಿಗೆ ಪೂಜೆ, ವ್ರತಗಳ ಅಧಿಕಾರ ಕಡಿಮೆಯಾಗುವುದಿಲ್ಲ. ಇದನ್ನು ಯಾರೋ ಹಬ್ಬಿಸಿದ್ದಾರೆ, ಅದಕ್ಕೆ ಹೇಳಿದೆ.

ಇನ್ನು ಎಣಿಕೆಗೆ ಬರೋಣ. ನಾವು ಪಾಠಶಾಲೆಯಲ್ಲಿ ಓದಿದ ಧರ್ಮಸಿಂಧು, 1790ರಲ್ಲಿ ಪಂಢರಪುರದ ಕಾಶೀನಾಥೋಪಾಧ್ಯಾಯರು ಬರೆದದ್ದು, ಇವತ್ತಿಗೂ ಪುರೋಹಿತರ ಕೈಪಿಡಿ. ಅದರ ಪ್ರಕಾರ ರಜಸ್ಸು ಕಂಡ ಮೊದಲ ದಿನದಿಂದ ಎಣಿಸಬೇಕು. ಹದಿನೇಳು ದಿನಗಳ ಒಳಗೆ ಮತ್ತೆ ಕಂಡರೆ ಸ್ನಾನದಿಂದಲೇ ಶುದ್ಧಿ, ಮೂರು ದಿನ ಹಿಡಿಯಬೇಕಾಗಿಲ್ಲ. ಹದಿನೆಂಟನೆಯ ದಿನ ಕಂಡರೆ ಒಂದು ರಾತ್ರಿ. ಹತ್ತೊಂಬತ್ತಾದರೆ ಎರಡು ರಾತ್ರಿ. ಇಪ್ಪತ್ತು ಮತ್ತು ಅದರ ಮೇಲೆ ಎಂದಿನಂತೆ ಮೂರು ರಾತ್ರಿ. ನೀವು ಹದಿನೈದು ದಿನಕ್ಕೆ ಮತ್ತೆ ಆಯಿತು ಎಂದಿದ್ದೀರಲ್ಲ, ಅಲ್ಲಿ ತಲೆಗೆ ಸ್ನಾನ ಮಾಡಿದ್ದರೆ ಸಾಕಾಗಿತ್ತು. ಸ್ನಾನದ ದಿನದಿಂದ ಎಣಿಸುವ ಪದ್ಧತಿಯೂ ಕೆಲವು ಕಡೆ ಇದೆ, ನಿಮ್ಮ ಮನೆಯ ರೂಢಿ ಹಾಗಿದ್ದರೆ ಹಾಗೇ ಮಾಡಿ. ರಾತ್ರಿ ಹೊತ್ತು ಕಂಡರೆ ಯಾವ ದಿನಕ್ಕೆ ಸೇರಿಸುವುದು ಎಂದು ಅನೇಕರು ಕೇಳುತ್ತಾರೆ. ರಾತ್ರಿಯನ್ನು ಮೂರು ಭಾಗ ಮಾಡಿ ಮೊದಲೆರಡು ಭಾಗ ಹಿಂದಿನ ದಿನಕ್ಕೆ, ಕೊನೆಯ ಭಾಗ ಮರುದಿನಕ್ಕೆ. ಇದರಲ್ಲೂ ಮತಭೇದ ಇದೆ, ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಡಿ.

ಎಣಿಕೆಗಿಂತ ನಿಮಗೆ ಬೇಕಾದದ್ದು ಮುಂದಿನ ಮಾತು. ಶಾಸ್ತ್ರಕಾರರು ಕಾಲಕ್ಕೆ ಸರಿಯಾಗಿ ಬರುವ ರಜಸ್ಸು ಬೇರೆ, ರೋಗದಿಂದ ಬರುವ ರಕ್ತ ಬೇರೆ ಎಂದು ಸ್ಪಷ್ಟವಾಗಿ ಎರಡು ಮಾಡಿದ್ದಾರೆ. ರೋಗದ ಕಾರಣ ದಿನದಿನವೂ ಹೋಗುತ್ತಿದ್ದರೆ ಆ ಹೆಂಗಸು ಅದರಿಂದ ಅಶುಚಿಯಾಗುವುದಿಲ್ಲ, ಅದು ದೇಹದ ವಿಕಾರ ಅಷ್ಟೇ ಎನ್ನುವುದು ಪರಾಶರ ಸ್ಮೃತಿಯ ಅಭಿಪ್ರಾಯ. ಕಲಿಯುಗಕ್ಕೆ ಪರಾಶರರ ಸ್ಮೃತಿಯೇ ಪ್ರಮಾಣ ಎಂದು ಮಾತುಮಾತಿಗೆ ಹೇಳುವವರು ಈ ಮಾತನ್ನು ಮಾತ್ರ ಯಾಕೋ ಹೇಳುವುದಿಲ್ಲ. ಆದ್ದರಿಂದ ನಿಮಗೆ ಹನ್ನೆರಡು ದಿನ ಕಲೆ ಕಾಣುತ್ತಿದ್ದಾಗ ಹನ್ನೆರಡು ದಿನವೂ ಮೂಲೆಯಲ್ಲಿ ಕೂರುವ ಕಾರಣವಿಲ್ಲ. ಮೊದಲ ಮೂರು ರಾತ್ರಿ ಎಂದಿನಂತೆ. ನಾಲ್ಕನೆಯ ದಿನ ಸ್ನಾನ. ಅಲ್ಲಿಂದ ಮುಂದೆ ಅಡುಗೆ, ಮನೆ ಕೆಲಸ, ಎಲ್ಲರ ಜೊತೆ ಕೂತು ಊಟ, ಯಾವುದಕ್ಕೂ ಅಡ್ಡಿ ಇಲ್ಲ. ಧರ್ಮಸಿಂಧುಕಾರರು ಒಂದು ನಿರ್ಬಂಧ ಇಟ್ಟಿದ್ದಾರೆ: ಮುಟ್ಟಿದರೆ ದೋಷವಿಲ್ಲ, ಆದರೆ ಪೂರ್ತಿ ನಿಲ್ಲುವವರೆಗೆ ದೇವಕಾರ್ಯ, ಪಿತೃಕಾರ್ಯಗಳನ್ನು ತಾನೇ ಕೈಯಾರೆ ಮಾಡಬಾರದು, ಬೇರೆಯವರಿಂದ ಮಾಡಿಸಬೇಕು. ಇನ್ನೊಂದು ಸೂಕ್ಷ್ಮವೂ ಇದೆ. ರೋಗದ ರಕ್ತ ಹೋಗುತ್ತಿರುವಾಗಲೇ ನಡುವೆ ತಿಂಗಳ ಸರದಿಯೂ ಬಂದರೆ, ಅದು ಗೊತ್ತಾದರೆ, ಆಗ ಮೂರು ದಿನ ಹಿಡಿಯಬೇಕು.

ದೀಪ ಹಚ್ಚುವುದು? ಇಲ್ಲಿ ನನ್ನ ಅಭಿಪ್ರಾಯ ಹೇಳುತ್ತೇನೆ. ಅಭಿಷೇಕ, ನೈವೇದ್ಯ, ಸಂಕಲ್ಪಪೂರ್ವಕ ಪೂಜೆ ಯಜಮಾನರು ಮಾಡಲಿ, ಮಗನೋ ಮಗಳೋ ಮಾಡಲಿ. ಆದರೆ ನಾಲ್ಕನೆಯ ದಿನದ ಸ್ನಾನವಾದ ಮೇಲೂ ಸಣ್ಣದಾಗಿ ಕಲೆ ಕಾಣುತ್ತಿದೆ, ಮನೆಯಲ್ಲಿ ಹಚ್ಚುವವರು ಯಾರೂ ಇಲ್ಲ ಎಂದಾದರೆ, ಮನೆ ಕತ್ತಲಲ್ಲಿ ಇರುವುದಕ್ಕಿಂತ ನೀವೇ ಸ್ನಾನ ಮಾಡಿ ಬಾಗಿಲಿಗೂ ದೇವರಿಗೂ ದೀಪ ಹಚ್ಚಿ ಕೈ ಮುಗಿಯಿರಿ. ಪರಾಶರರೇ ಅಶುಚಿಯಲ್ಲ ಎಂದ ಮೇಲೆ ನಾನು ಬೇಡ ಎನ್ನಲಾರೆ. ಇದನ್ನು ಒಪ್ಪದ ವಿದ್ವಾಂಸರು ಇದ್ದಾರೆ. ಸ್ಮಾರ್ತರ, ಮಾಧ್ವರ, ಶ್ರೀವೈಷ್ಣವರ ಮನೆಗಳ ಪದ್ಧತಿ ಒಂದೇ ಅಲ್ಲ, ನಿಮ್ಮ ಮಠದವರು ಬೇರೆ ಹೇಳಿದರೆ ಅವರ ಮಾತಿನಂತೆ ನಡೆಯಿರಿ. ಮನಸ್ಸಿನಲ್ಲಿ ನಾಮಸ್ಮರಣೆಗೆ ಮಾತ್ರ ಯಾವ ದಿನವೂ, ಯಾರೂ ತಡೆ ಹಾಕಿಲ್ಲ.

ಸ್ನಾನದ ಬಗ್ಗೆಯೂ ಹೇಳಿಬಿಡುತ್ತೇನೆ. ಚಳಿಯಲ್ಲಿ ತಣ್ಣೀರೇ ಆಗಬೇಕು, ಚಾಪೆಯ ಮೇಲೇ ಮಲಗಬೇಕು ಎಂದು ಸುಸ್ತಾದ ದೇಹವನ್ನು ಹಿಂಸಿಸಬೇಡಿ. ಕಾಯಿಲೆಯವಳಿಗೆ ಸ್ನಾನ ಮಾಡಲಾಗದಿದ್ದರೆ ಆರೋಗ್ಯವಾಗಿರುವ ಇನ್ನೊಬ್ಬಳು ಅವಳನ್ನು ಮುಟ್ಟಿ ಮುಟ್ಟಿ ಹತ್ತು ಸಲ ಸ್ನಾನ ಮಾಡಿದರೆ ಮಲಗಿದವಳು ಶುದ್ಧಳಾಗುತ್ತಾಳೆ ಎಂದು ಸ್ಮೃತಿಯಲ್ಲಿದೆ. ನಮ್ಮ ಗುರುಗಳು ಇದನ್ನು ಪಾಠ ಹೇಳುವಾಗ ನಾವು ಹುಡುಗರು ನಗುತ್ತಿದ್ದೆವು. ಅವರು, "ನಗಬೇಡ್ರೋ, ಕಾಯಿಲೆಯವಳ ತಲೆಗೆ ನೀರು ಸುರಿಯಬೇಡಿ ಅಂತ ಅದರ ಅರ್ಥ" ಎಂದಿದ್ದರು.

ವರಮಹಾಲಕ್ಷ್ಮಿಗೆ ಮಾತ್ರೆ ತೆಗೆದುಕೊಳ್ಳುತ್ತೇನೆ ಎಂದಿದ್ದೀರಿ. ಬೇಡ ತಾಯಿ. ಶ್ರಾವಣ ಹತ್ತಿರ ಬಂದರೆ ಮೆಡಿಕಲ್ ಶಾಪುಗಳಲ್ಲಿ ಚೀಟಿ ಇಲ್ಲದೆ ಇದನ್ನು ಕೇಳುವವರ ಸಾಲು ಇರುತ್ತದೆ, ನನಗೆ ಗೊತ್ತು. ಮುಂದೂಡುವ ಮಾತ್ರೆಯನ್ನು ಮುಟ್ಟು ಬರುವ ದಿನಕ್ಕೆ ಮೂರು ದಿನ ಮೊದಲು ಶುರು ಮಾಡಬೇಕು. ನಿಮಗೆ ಬರುವ ದಿನವೇ ಗೊತ್ತಿಲ್ಲವಲ್ಲ, ಯಾವುದಕ್ಕೆ ಮೂರು ದಿನ ಮೊದಲು? ಅಲ್ಲದೆ ಕಾರಣ ತಿಳಿಯದ ರಕ್ತಸ್ರಾವ ಇರುವವರು, ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಇತಿಹಾಸ ಇರುವವರು, ಲಿವರ್ ತೊಂದರೆ ಇರುವವರು ತಾವಾಗಿ ಅದನ್ನು ನುಂಗುವುದು ಅಪಾಯ. ಡಾಕ್ಟರು ನಿಮ್ಮನ್ನು ನೋಡಿ, ಚಿಕಿತ್ಸೆಗಾಗಿ ಅಂಥದ್ದೇ ಮಾತ್ರೆ ಕೊಟ್ಟರೆ ಅದು ಬೇರೆ ಮಾತು, ಅವರು ಹೇಳಿದಂತೆ ತೆಗೆದುಕೊಳ್ಳಿ.

ವ್ರತ ಎಲ್ಲಿಗೂ ಓಡಿಹೋಗುವುದಿಲ್ಲ. ಹುಣ್ಣಿಮೆಯ ಮೊದಲಿನ ಶುಕ್ರವಾರ ಆಗದಿದ್ದರೆ ಶ್ರಾವಣದ ಇನ್ನೊಂದು ಶುಕ್ರವಾರ ಮಾಡಿ. ಅದೂ ತಪ್ಪಿದರೆ ನವರಾತ್ರಿಯ ಶುಕ್ರವಾರ ಮಾಡುವ ಪದ್ಧತಿ ನಮ್ಮ ಕಡೆ ಹಿಂದಿನಿಂದಲೂ ಇದೆ. ಸಂಕಲ್ಪ ಮಾಡಿ ಹಿಡಿದ ವ್ರತದ ನಡುವೆ ಹೊರಗಾದರೂ ವ್ರತ ಮುರಿಯುವುದಿಲ್ಲ. ಉಪವಾಸದಂಥ ದೇಹದ ನಿಯಮ ನೀವೇ ನಡೆಸಿ, ಪೂಜೆ ಇನ್ನೊಬ್ಬರಿಂದ ಮಾಡಿಸಿ. ಉಪವಾಸವೂ ರಕ್ತ ಕಡಿಮೆ ಇರುವವರಿಗೆ ಬೇಡ. ಹಾಲು ಹಣ್ಣು ತೆಗೆದುಕೊಂಡರೆ ವ್ರತಭಂಗವಿಲ್ಲ, ಔಷಧಿಯಿಂದಲೂ ಇಲ್ಲ.

ಮಾವನವರ ತಿಥಿ. ಮೊದಲು ನೆನಪಿಡಿ, ಶ್ರಾದ್ಧದ ಕರ್ತೃ ನಿಮ್ಮ ಯಜಮಾನರು. ಕರ್ತೃವಿನ ಹೆಂಡತಿ ರಜಸ್ವಲೆಯಾದರೆ ಏನು ಎಂಬುದಕ್ಕೆ ಗ್ರಂಥಗಳಲ್ಲಿ ಎರಡು ಅಭಿಪ್ರಾಯ ಇವೆ. ಐದನೆಯ ದಿನಕ್ಕೆ ಮುಂದೂಡಬೇಕು ಎನ್ನುವುದು ಒಂದು. ಅಡುಗೆ ಮಾಡುವವರು ಬೇರೆ ಇದ್ದರೆ ಮೃತತಿಥಿಯಂದೇ ಮಾಡಬೇಕು ಎನ್ನುವುದು ಇನ್ನೊಂದು. ಊರಿಂದ ಬರುವ ಬ್ರಾಹ್ಮಣರು, ರಜೆ ಹಾಕಿ ಬರುವ ಅಣ್ಣತಮ್ಮಂದಿರು ಇದನ್ನೆಲ್ಲ ನೋಡಿದರೆ ನಾನು ಎರಡನೆಯದನ್ನೇ ಹೇಳುತ್ತೇನೆ. ಮಡಿ ಅಡುಗೆಯವರನ್ನು ಕರೆಸಿ, ಅಥವಾ ಓರಗಿತ್ತಿಯವರು ಮಾಡಲಿ. ನೀವು ಆ ದಿನ ಹೊರಗಾಗದಿದ್ದರೂ ಈ ವರ್ಷ ಅಡುಗೆಯವರನ್ನೇ ಕರೆಸಿ. ಮಾವನವರಿಗೆ ಸೊಸೆಯ ಕೈಯಡುಗೆ ಇಷ್ಟವಿತ್ತು ಎಂದು ಬರೆದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ.

ಕುಜನ ವಿಷಯ. ನಾನೂ ಜಾತಕ ನೋಡುವವನೇ, ಆ ಜ್ಯೋತಿಷಿಗಳ ಮೇಲೆ ನನಗೆ ಸಿಟ್ಟಿಲ್ಲ. ಹೆಂಗಸರ ಮಾಸಿಕಕ್ಕೆ ಕುಜ, ಚಂದ್ರರು ಕಾರಣರೆಂದು ವರಾಹಮಿಹಿರರ ಬೃಹಜ್ಜಾತಕದಲ್ಲಿದೆ ನಿಜ. ಅದು ನಿಷೇಕ ಪ್ರಕರಣದಲ್ಲಿ, ಗರ್ಭ ನಿಲ್ಲುವ ಕಾಲ ನೋಡುವುದಕ್ಕೆ ಹೇಳಿದ್ದು. ರಜೋದರ್ಶನದ ಶಾಂತಿ ಎಂದು ಭುವನೇಶ್ವರೀ ಶಾಂತಿ ಮುಂತಾಗಿ ಗ್ರಂಥದಲ್ಲಿ ಇರುವುದು, ಹುಡುಗಿ ಮೊದಲ ಸಲ ಋತುಮತಿಯಾದಾಗ ತಿಥಿ, ನಕ್ಷತ್ರ ಸರಿಯಿಲ್ಲದಿದ್ದರೆ ಮಾಡುವುದಕ್ಕೆ. 47ನೆಯ ವಯಸ್ಸಿನಲ್ಲಿ ಮುಟ್ಟು ಹಿಂದೆ ಮುಂದೆ ಆಗುವುದಕ್ಕೆ ಕುಜ ಬರಬೇಕಾಗಿಲ್ಲ, ವಯಸ್ಸೇ ಸಾಕು. ನಿಮ್ಮ ಮನಸ್ಸು ಕೇಳದಿದ್ದರೆ ಸುಬ್ರಹ್ಮಣ್ಯನಿಗೆ ಒಂದು ಅರ್ಚನೆ ಮಾಡಿಸಿ. ಹೋಮಕ್ಕೆ ಎತ್ತಿಟ್ಟ ಹಣದಲ್ಲಿ ಮೊದಲು ಸ್ಕ್ಯಾನ್ ಮಾಡಿಸಿ. ಅದರ ರಿಪೋರ್ಟ್ ಕೈಗೆ ಬರುವ ಮುಂಚೆ ಯಾವ ಶಾಂತಿಗೂ ಮುಹೂರ್ತ ಕೇಳಬೇಡಿ. ಕೇಳಿದರೂ ನಾನಂತೂ ಇಟ್ಟುಕೊಡುವುದಿಲ್ಲ.

ನಿಮ್ಮ ಕಾಗದದ ಕೊನೆಯಲ್ಲಿ 'ನಾನು ಯಾವ ಪಾಪ ಮಾಡಿದ್ದೆನೋ' ಎಂದೂ ಬರೆದಿದ್ದಿರಿ, ಸಂಪಾದಕರು ಜಾಗ ಸಾಲದೆ ಅದನ್ನು ಬಿಟ್ಟಿದ್ದಾರೆ. ಅದಕ್ಕೂ ಉತ್ತರ ಕೊಡಬೇಕು. ನಾನು ಯಜುರ್ವೇದಿ. ನಮ್ಮ ತೈತ್ತಿರೀಯ ಸಂಹಿತೆಯ ಎರಡನೆಯ ಕಾಂಡದಲ್ಲಿ ಇದರ ಕಥೆ ಬರುತ್ತದೆ. ವಿಶ್ವರೂಪನನ್ನು ಕೊಂದ ಇಂದ್ರನಿಗೆ ಬ್ರಹ್ಮಹತ್ಯೆ ಅಂಟಿಕೊಂಡಿತು. ಹೊರಲಾರದೆ ಅವನು ಅದರ ಒಂದು ಪಾಲನ್ನು ಭೂಮಿಗೆ, ಒಂದನ್ನು ಮರಗಳಿಗೆ, ಒಂದನ್ನು ಹೆಂಗಸರಿಗೆ ಕೊಟ್ಟ. ಮೂವರೂ ವರ ಕೇಳಿ ಪಡೆದೇ ತೆಗೆದುಕೊಂಡರು. ಅಗೆದ ಭೂಮಿ ಮತ್ತೆ ತುಂಬುವುದು, ಕಡಿದ ಮರ ಚಿಗುರುವುದು, ಹೆಂಗಸರಿಗೆ ಸಂತಾನವಾಗುವುದು ಆ ವರಗಳಿಂದ. ಕಥೆಯನ್ನು ಸರಿಯಾಗಿ ನೋಡಿ ತಾಯಿ, ಕೊಂದವನು ಇಂದ್ರ. ಹೆಂಗಸರು ಇನ್ನೊಬ್ಬರ ಭಾರಕ್ಕೆ ಹೆಗಲು ಕೊಟ್ಟವರು. ನಿಮ್ಮ ಪಾಪದ ಮಾತು ಇಲ್ಲಿ ಎಲ್ಲಿಂದ ಬಂತು?

ಈ ಅಂಕಣ ಓದುವ ಯಜಮಾನರಿಗೂ ಒಂದು ಮಾತು. ನನಗೆ ಇಂಥ ಪ್ರಶ್ನೆ ಬರುವಾಗ ಹೆಚ್ಚಿನ ಸಲ ಹೆಂಗಸರೇ ಬರೆಯುತ್ತಾರೆ, ಹೆಸರು ಹಾಕಬೇಡಿ ಎನ್ನುತ್ತಾರೆ. ಅವರ ಗಂಡಂದಿರು ಫೋನ್ ಮಾಡುವುದು ಅಡುಗೆಯವರು ಸಿಗುತ್ತಾರಾ ಎಂದು ಕೇಳುವುದಕ್ಕೆ. ಮನೆಯಾಕೆ ಎರಡು ತಿಂಗಳಲ್ಲಿ ನಾಲ್ಕು ಸಲ ಹೊರಗಾದರೆ ಪೂಜೆ ತಪ್ಪಿತು ಎಂದು ಗೊಣಗುವುದು ಬಿಟ್ಟು, ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ. ಮೆಟ್ಟಿಲು ಹತ್ತುವಾಗ ಅವರಿಗೆ ಉಸಿರು ಕಟ್ಟುತ್ತಿದೆಯೇ, ಮುಖ ಬಿಳಿಚಿದೆಯೇ ಎನ್ನುವುದು ಪಕ್ಕದಲ್ಲಿರುವ ನಿಮಗೆ ಕಾಣಬೇಕು. ನೀವೇ ಪೂಜೆಗೆ ಕೂರಲು ಕಲಿತರೆ ದೀಪ ಯಾರು ಹಚ್ಚಬೇಕು ಎನ್ನುವ ಪ್ರಶ್ನೆಯೇ ಅರ್ಧ ಮುಗಿಯಿತು.

ಇನ್ನು ಉಳಿದದ್ದು ಋಷಿಪಂಚಮಿ. ಭಾದ್ರಪದ ಶುಕ್ಲ ಪಂಚಮಿ, ಗಣೇಶನ ಹಬ್ಬದ ಮರುದಿನ. ಅರುಂಧತಿ ಸಮೇತ ಸಪ್ತರ್ಷಿಗಳ ಪೂಜೆ. ಉತ್ತರಾಣಿ ಕಡ್ಡಿಯಲ್ಲಿ ಹಲ್ಲುಜ್ಜಿ ಸ್ನಾನ, ಉತ್ತ ಹೊಲದಲ್ಲಿ ಬೆಳೆದದ್ದನ್ನು ಬಿಟ್ಟು ತಾನಾಗಿ ಬೆಳೆದದ್ದರ ಊಟ. ಸಾಮಾನ್ಯವಾಗಿ ಏಳು ವರ್ಷ ನಡೆಸಿ ಉದ್ಯಾಪನೆ ಮಾಡುತ್ತಾರೆ. ಶಾಸ್ತ್ರದಲ್ಲಿ ಇದನ್ನು ಯಾವ ವಯಸ್ಸಿನವರೂ ಮಾಡಬಹುದು, ಆದರೆ ನಮ್ಮ ಮನೆಗಳಲ್ಲಿ ಮುಟ್ಟು ನಿಂತ ಮೇಲೆ ಹಿಡಿಯುವ ರೂಢಿ. ನೀವು ಈ ವರ್ಷ ಹಿಡಿಯಬೇಡಿ. ಡಾಕ್ಟರುಗಳು ಹೇಳುವ ಹನ್ನೆರಡು ತಿಂಗಳು ಮತ್ತು ನಮ್ಮ ಒಂದು ಸಂವತ್ಸರ ಎರಡೂ ಹೊಂದಿಬರುತ್ತವಲ್ಲ, ಒಂದು ವರ್ಷ ಪೂರ್ತಿ ಏನೂ ಕಾಣದೆ ಕಳೆಯಲಿ. ಕೊನೆಯ ಸಲ ಕಂಡ ದಿನವನ್ನು ಪಂಚಾಂಗದಲ್ಲಿ ಗುರುತು ಹಾಕಿಡಿ. ಮುಂದೆ ಬರುವ ಭಾದ್ರಪದದಲ್ಲಿ ಹಿಡಿದರಾಯಿತು.

ವ್ರತ ಹಿಡಿದ ಮೇಲೆ, ಎರಡನೆಯದೋ ಐದನೆಯದೋ ವರ್ಷ, ಒಂದು ತೊಟ್ಟು ರಕ್ತ ಕಂಡರೂ ವ್ರತಕ್ಕೆ ದೋಷ ಬಂತೇ, ಮೊದಲಿಂದ ಶುರು ಮಾಡಬೇಕೇ ಎಂದು ನನಗೆ ಕಾಗದ ಬರೆಯುತ್ತಾ ಕೂರಬೇಡಿ. ಪೂರ್ತಿ ನಿಂತು ವರ್ಷವಾದ ಮೇಲೆ ಕಾಣುವ ರಕ್ತಕ್ಕೆ ದಿನದ ಲೆಕ್ಕ ಹಿಡಿಯುವ ಮೊದಲು ಅದೇ ವಾರ ಡಾಕ್ಟರನ್ನು ಕಾಣಬೇಕು. ಹೆಚ್ಚಿನವರಲ್ಲಿ ಒಳಗಿನ ಚರ್ಮ ಒಣಗಿ ತೆಳುವಾದಂಥ ಸಣ್ಣ ಕಾರಣವೇ ಇರುತ್ತದೆ. ಕೆಲವರಲ್ಲಿ ಮಾತ್ರ ಕ್ಯಾನ್ಸರು, ಅದೂ ಬೇಗ ಗೊತ್ತಾದರೆ ವಾಸಿಯಾಗುವಂಥದ್ದು. ವ್ರತ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಸಬಹುದು.

ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಒಂದು ಸಾಲು ಬರೆಯಿರಿ, ಅಂಕಣಕ್ಕಲ್ಲ, ನನಗೆ. ತಿಥಿಯ ಅಡುಗೆಯವರಿಗೆ ಮಾತ್ರ ಈಗಲೇ ಹೇಳಿಡಿ, ಪಕ್ಷಮಾಸದಲ್ಲಿ ಬೆಂಗಳೂರಿನಲ್ಲಿ ಅವರು ಸಿಗುವುದು ಕಷ್ಟ.